ಬೀಗರ ಮನೆ ನೋಡಿದಂತೆ ಕೋಟೆ ನೋಡಿದ್ದು

ನಾನು ಓದಿದ್ದು ಎರಡನೇ ಇಯತ್ತೆ. ಆದರೆ ಮನೆ ನೋಡುವುದರಲ್ಲಿ ಇಡೀ ಕಲ್ಯಾಣದಲ್ಲಿ ನನ್ನನ್ನು ಮೀರಿಸುವವರಿಲ್ಲ. ಆರು ಹೆಣ್ಣುಮಕ್ಕಳನ್ನು ಕೊಡುವ ಮೊದಲು ಆರು ಬೀಗರ ಮನೆಗಳನ್ನು ಬಾಗಿಲಿನಿಂದ ಹಿತ್ತಿಲವರೆಗೆ ಜಾಲಾಡಿದವಳು. ನನಗೆ ಕೋಟೆ ಯಾವ ಲೆಕ್ಕ!

ಮೊಮ್ಮಗಳು ನೀಲಾ ಹುಮನಾಬಾದಿನಲ್ಲಿ ಓದುತ್ತಿದ್ದಳು. ಮಾಸ್ತರು ಮಕ್ಕಳಿಗೆ ನಮ್ಮೂರ ಕೋಟೆ ತೋರಿಸಿ, ಕಂಡದ್ದನ್ನು ಪಟ್ಟಿ ಪುಸ್ತಕದಲ್ಲಿ ಬರೆದು ತರಲು ಹೇಳಿದ್ದರು. ತರದವರನ್ನು ಇನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲವಂತೆ. ಕೋಟೆ ನೋಡಿ ನನ್ನ ಬಳಿ ಉಳಿದುಕೊಂಡ ಹುಡುಗಿ ಬರೆದದ್ದು ಒಂದೇ ಸಾಲು: ‘ಕೋಟೆ ದೊಡ್ಡದಿತ್ತು.’

“ಇದೇನ ನೋಡೋದ? ಬೀಗರ ಮನಿ ನೋಡಿದಂಗ ನೋಡಬೇಕ. ನಡಿ!” ಎಂದೆ.

ಮತ್ತೆ ಹೋದೆವು. ನಾನು ಹೇಳಿದೆ, ಅವಳು ಬರೆದಳು. ಬಾಗಿಲು ಎಷ್ಟು, ಯಾವುದರ ಅಗಳಿ ಮುರಿದಿದೆ, ಹಿಂದಿನ ಗೋಡೆ ಬಿದ್ದು ಎಮ್ಮೆ ನುಗ್ಗುವುದು ಎಲ್ಲಿ. ಕಾವಲಿಗೆ ಇಬ್ಬರು, ಉಂಡ ಮೇಲೆ ಇಬ್ಬರೂ ನಿದ್ದೆ. ನಕ್ಷೆಯನ್ನೂ ಬರೆಸಿದೆ!

ಮರುದಿನ ಬಸ್ಸು ಹತ್ತಿದೆವು. ಅದು ನಿಜಾಮರ ಕಾಲದ ಕೊನೆಯ ವರ್ಷ, ಹೋರಾಟಗಾರರು ಠಾಣೆಗಳಿಗೆ ನುಗ್ಗುತ್ತಿದ್ದ ದಿನಗಳು. ಹುಮನಾಬಾದಿನ ತಪಾಸಣೆ ನಾಕಾದಲ್ಲಿ ಪೊಲೀಸ್ ಜವಾನರು ಬಸ್ಸು ತಡೆದರು. ಮುಂದೆ ಕೂತವನ ಕಿಸೆಯಲ್ಲಿ ಏನೋ ಕಾಗದ ಸಿಕ್ಕಿತು, ಅವನನ್ನು ಕೆಳಗಿಳಿಸಿದರು. ಆಗ ಹೊಳೆಯಿತು. ನಾನು ಬರೆಸಿದ್ದು ಪಾಠವಲ್ಲ, ಕೋಟೆಗೆ ನುಗ್ಗುವ ದಾರಿ!

ಪಟ್ಟಿಯನ್ನು ಬುತ್ತಿಯ ರೊಟ್ಟಿಗಳ ನಡುವೆ ತುರುಕಿದೆ.

“ಆಯೀ, ನನ್ನ ಪಟ್ಟಿಗಿ ಚಟ್ನಿ ಹತ್ತತದ!” ನೀಲಾ ಕೂಗಿದಳು.

ಜವಾನ ತಿರುಗಿದ. ಬುತ್ತಿ ಬಿಚ್ಚಿದ. ಪಟ್ಟಿ ತೆಗೆದ. ತಲೆಕೆಳಗೆ ಹಿಡಿದ; ಅವನಿಗೆ ಕನ್ನಡ ಓದಲು ಬಾರದು. ದೇವರೇ ಬಂದ ಎಂದುಕೊಂಡೆ.

“ಓದ್, ಬೇಟಿ,” ಎಂದ.

ಅವಳು ಶಾಲೆಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದಳು. ಅಗಳಿ, ಎಮ್ಮೆ, ನಿದ್ದೆ, ಎಲ್ಲ!

“ಯಾರ್ ಬರಿಸ್ಯಾರ ಇದು?”

“ನಮ್ಮ ಆಯಿ!”

ಸುಳ್ಳು ಹೊಳೆಯಲಿಲ್ಲ. “ಹೆಣ್ಣ ಕೊಡೋ ಮನಿ ನೋಡಿದಂಗ ನೋಡಂದೇನ್ರಿ ಸಾಹೇಬ್ರ! ನನಗ ಬ್ಯಾರೆ ನೋಡಾಕ ಬರಂಗಿಲ್ರಿ!”

ಅವನು ಪಟ್ಟಿ ಮುಚ್ಚಿದ. “ಹಂಗಾದ್ರ ಆ ಮನಿಗಿ ಹೆಣ್ಣ ಕೊಡ್ತೀರೇನ್ ಅಮ್ಮಾ?”

“ಇಲ್ರಿ! ಅಗಳಿ ಇಲ್ಲ, ಆಳು ಬರೇ ಮಲಗತಾರ. ಯಾರ್ ಕೊಡ್ತಾರ್ರಿ?”

ಅವನು ಹೊಟ್ಟೆ ಹಿಡಿದು ನಕ್ಕ. ಪಟ್ಟಿ ಕೊಟ್ಟ. ಎರಡು ರೊಟ್ಟಿ ಇಟ್ಟುಕೊಂಡ. ಬೇಕಾದರೆ ಬುತ್ತಿಯನ್ನೇ ಕೊಡುತ್ತಿದ್ದೆ!

ಮುಂದಿನ ವಾರ ನೀಲಾ ಪಟ್ಟಿ ತೋರಿಸಿದಳು. ಮಾಸ್ತರು ನನ್ನ ಕೋಟೆಯ ಪುಟಗಳಿಗೆಲ್ಲ ಅಡ್ಡಗೆರೆ ಎಳೆದು ಕಾಟು ಹಾಕಿದ್ದರು. ಕೊನೆಯ ಪುಟಕ್ಕೆ ಮಾತ್ರ ‘ಶಾಬಾಸ್’. ಅದನ್ನು ಅವಳು ತಾನೇ ಬರೆದಿದ್ದಳು, ನಾನು ಕಲಿಸಿದಂತೆ ಎಣಿಸಿ: ‘ನಾಕಾದಲ್ಲಿ ಆಯಿ ಹೆದರಿ ಬಾಯಿ ತೆರೆದಳು. ಮೇಲೆ ಮೂರು ಹಲ್ಲು, ಕೆಳಗೆ ಎರಡು.’

ಕಲಿಸಿದ್ದು ವ್ಯರ್ಥವಾಯಿತು. ಕೆಳಗೆ ಇರುವುದು ಒಂದೇ!