ಮುನ್ನೂರು ಜನಕ್ಕೆ ಮಂಡಕ್ಕಿ ಒಗ್ಗರಣೆ

ಗಂಡನಿಗೆ ಅಡುಗೆ ಬರುತ್ತದೆ ಎಂಬ ಸಂಗತಿ ಹೆಂಡತಿಗೆ ಯಾವ ಕಾರಣಕ್ಕೂ ಗೊತ್ತಾಗಬಾರದು. ಹನ್ನೊಂದು ವರ್ಷ ನಾನು ಈ ರಾಜ್ಯರಹಸ್ಯವನ್ನು ಎದೆಯೊಳಗಿಟ್ಟು ಕಾಪಾಡಿದೆ. ದಾವಣಗೆರೆಯಲ್ಲಿ ನನ್ನ ದೊಡ್ಡಪ್ಪನದು ಮಂಡಕ್ಕಿ-ಮಿರ್ಚಿ ಅಂಗಡಿ. ಹೈಸ್ಕೂಲಿನಿಂದ ಹಿಡಿದು ಇಂಜಿನಿಯರಿಂಗ್ ಮುಗಿಯುವವರೆಗೆ ಪ್ರತಿ ರಜೆಯಲ್ಲೂ ಅಲ್ಲಿ ಬಾಣಲೆಯ ಮುಂದೆ ನಿಂತವನು ನಾನು. ಒಗ್ಗರಣೆಯ ಸಾಸಿವೆ ಸಿಡಿಯುವ ಸದ್ದಿನಲ್ಲೇ ಎಣ್ಣೆ ಕಾದಿದೆಯೋ ಇಲ್ಲವೋ ಹೇಳಬಲ್ಲೆ.

ಆದರೆ ಮದುವೆಯಾದ ಮೂರನೆಯ ದಿನ ರಕ್ಷಾ, "ಏನ್ರೀ, ನಿಮಗೆ ಕಾಫಿ ಮಾಡೋಕೆ ಬರುತ್ತಾ?" ಎಂದು ಕೇಳಿದಾಗ ಮುಂದಿನ ನಲವತ್ತು ವರ್ಷಗಳ ಬೆಳಗುಗಳು ಕಣ್ಣ ಮುಂದೆ ಹಾದುಹೋದವು.

"ನೀರು ಕುದೀತಾ ಇದೆ ಅಂತ ಹೇಗೆ ಗೊತ್ತಾಗುತ್ತೆ?" ಎಂದುಬಿಟ್ಟೆ. (ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಮೇಷ್ಟ್ರು. ನೀರು ಕುದಿಯುವುದರ ಬಗ್ಗೆ ಎರಡು ಗಂಟೆ ಪಾಠ ಮಾಡಿ ಸಂಬಳ ತೆಗೆದುಕೊಳ್ಳುತ್ತೇನೆ.)

"ಬಿಡಿ, ಪಾಪ, ನಾನೇ ಮಾಡ್ಕೋತೀನಿ" ಎಂದಳು ರಕ್ಷಾ. ಅಷ್ಟೇ. ಅವತ್ತಿನಿಂದ ಬಸವೇಶ್ವರನಗರದ ನಮ್ಮ ಮನೆಯಲ್ಲಿ ನಾನು ಅಡುಗೆಮನೆಯ ಹೊಸಿಲು ದಾಟಿದ್ದು ನೀರು ಕುಡಿಯಲು ಮಾತ್ರ. ಇಷ್ಟು ಸುಲಭವಾಗಿ ಗೆದ್ದ ಗಂಡಸು ಪಶ್ಚಿಮ ಬೆಂಗಳೂರಿನಲ್ಲೇ ಇಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಇದಕ್ಕೆ ಕುತ್ತು ತಂದವಳು ಮಗಳು ವಚನಾ. ನಾಲ್ಕನೇ ಕ್ಲಾಸು. ಅವಳ ಶಾಲೆ ಕಾಮಾಕ್ಷಿಪಾಳ್ಯದ ಕಡೆಗಿದೆ. ಅಲ್ಲಿ ಪ್ರತಿ ರಾಜ್ಯೋತ್ಸವಕ್ಕೂ ಬಾವುಟ ಹಾರಿಸಿ, ಕೈಗೊಂದು ಚಾಕಲೇಟು ಕೊಟ್ಟು ಮಕ್ಕಳನ್ನು ಮನೆಗೆ ಕಳಿಸುವುದು ವಾಡಿಕೆ. ಈ ವರ್ಷ ಹೆಡ್‌ಮಿಸ್ ಕಲ್ಯಾಣಮ್ಮನವರಿಗೆ ಒಂದು ಆಲೋಚನೆ ಬಂತು. ಹೇಗೂ ರಜಾ ದಿನ, ಮಕ್ಕಳ ಜೊತೆ ಅಪ್ಪ, ಅಮ್ಮ, ಅಜ್ಜಿ, ತಾತ ಎಲ್ಲರೂ ಬರಲಿ, ಶಾಲೆಯ ಅಂಗಳದಲ್ಲೇ ಒಟ್ಟಿಗೆ ತಿಂಡಿ ತಿನ್ನಲಿ ಎಂದರು. ಯಾವ ತಿಂಡಿ ಎಂದು ಮಕ್ಕಳನ್ನೇ ಕೇಳಿದರು. ನನ್ನ ಮಗಳು ಎದ್ದು ನಿಂತು ದಾವಣಗೆರೆಯ ಮಂಡಕ್ಕಿ ಒಗ್ಗರಣೆಯ ಮೇಲೆ ಹತ್ತು ನಿಮಿಷ ಭಾಷಣ ಮಾಡಿದಳಂತೆ. ಬಾಯಲ್ಲಿ ನೀರೂರಿ ಇಡೀ ಕ್ಲಾಸು ಕೈಯೆತ್ತಿತಂತೆ.

"ಆದ್ರೆ ಹಿಂದಿನ ಬೆಂಚಿನೋರು ನಕ್ಕರು ಅಪ್ಪಾ" ಎಂದಳು ಅವತ್ತು ಸಂಜೆ, ಮುಖ ಊದಿಸಿಕೊಂಡು. "ಪುರಿನಾ? ಅದು ಟೈಂಪಾಸ್‌ಗೆ ತಿನ್ನೋದು, ಅದನ್ನ ಯಾರಾದ್ರು ತಿಂಡಿಗೆ ಮಾಡ್ತಾರಾ ಅಂದ್ರು. ನಮ್ಮೂರಲ್ಲಿ ಮಾಡ್ತಾರೆ, ತಿಂದು ನೋಡಿ ಅಂದೆ. ಚೆನ್ನಾಗಿಲ್ದಿದ್ರೆ ನಾನು ಇನ್ಮೇಲೆ ಆ ಸ್ಕೂಲಿಗೆ ಹೋಗಲ್ಲ."

"ಹುಟ್ಟಿದ್ದು ಇಲ್ಲೇ ರಾಜಾಜಿನಗರದ ಆಸ್ಪತ್ರೇಲಿ. ಅದು ನಿಮ್ಮೂರು ಯಾವಾಗ ಆಯ್ತೇ?" ಎಂದಳು ರಕ್ಷಾ. ಮಗು ಅಳು ನುಂಗಿಕೊಂಡು ನನ್ನ ಮುಖ ನೋಡಿತು. ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಒಂದು ತಟ್ಟೆ ಮಂಡಕ್ಕಿಗೆ ತನ್ನ ಮಾನವನ್ನೇ ಒತ್ತೆ ಇಟ್ಟು ಬಂದಿದ್ದಾಳಲ್ಲ ಈ ಹುಡುಗಿ.

ಪೋಷಕರ ಸಭೆ ಕೂಡಿತು. ಅಡುಗೆಗೆ ನಾನೇ ಜನ ಹುಡುಕಿಕೊಟ್ಟೆ. ಅನ್ನಪೂರ್ಣೇಶ್ವರಿ ನಗರದಲ್ಲಿ ಮಗಳ ಮನೆಯಲ್ಲಿದ್ದ ಏಕಾಂತಯ್ಯನವರು ದಾವಣಗೆರೆಯಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ಅಲ್ಲಿಗೆ ನನ್ನ ಗುಟ್ಟೂ ಉಳಿಯಿತು, ಮಗಳ ಮಾನವೂ ಉಳಿಯಿತು ಎಂದುಕೊಂಡೆ. ಮಂಡಕ್ಕಿಯನ್ನು ದಾವಣಗೆರೆಯಿಂದಲೇ ತರಿಸೋಣ ಎಂಬ ಮಾತು ಬಂದಾಗ ಬ್ಯಾಡರಹಳ್ಳಿಯ ಭೈರೇಶ್ ಎದ್ದು ನಿಂತರು. ಅವರ ಮಗಳು ವಚನಾಳ ಕ್ಲಾಸಿನಲ್ಲೇ ಓದುತ್ತಾಳೆ. ಊರ ಕೆಲಸ ಎಂದರೆ ಪಂಚೆ ಮೇಲೆ ಕಟ್ಟಿ ಮುಂದೆ ಬರುವ ಮನುಷ್ಯ.

"ಅಲ್ಲ ಸಾರ್, ಪುರಿಗೆ ಅಲ್ಲೀಗಂಟ ಯಾಕೆ ಹೋಗ್ಬೇಕು? ನಮ್ಮ ಮಾಗಡಿ ರೋಡಲ್ಲಿ ಪುರಿ ಭಟ್ಟಿ ಇಲ್ವಾ? ಇಪ್ಪತ್ತು ಮೂಟೆ ನಂದು. ಗಾಡಿನೂ ನಂದೇ. ಪುರಿ ಅಂದ್ರೆ ಪುರಿ ತಾನೆ?"

ಪುರಿ ಎಂದರೆ ಪುರಿ ಅಲ್ಲ! ನಮ್ಮ ಕಡೆಯ ಮಂಡಕ್ಕಿ ದಪ್ಪ, ಗಟ್ಟಿ. ನೀರಿನಲ್ಲಿ ನೆನೆಸಿ, ಹಿಂಡಿ ತೆಗೆದರೂ ಕಾಳು ಕಾಳಾಗಿ ನಿಲ್ಲುತ್ತದೆ. ಬೆಂಗಳೂರಿನ ಕಡ್ಲೆಪುರಿ ತೆಳ್ಳಗೆ, ಗರಿಗರಿ. ಹಾಗೇ ತಿನ್ನಲು ಬಲು ಸೊಗಸು, ನೀರಿಗೆ ಬಿದ್ದರೆ ಮಾತ್ರ ಅಂಟು. ಇದನ್ನು ಹೇಳಲು ಬಾಯಿ ತೆರೆದೆ. ಪಕ್ಕದಲ್ಲಿ ರಕ್ಷಾ ಕೂತಿದ್ದಳು. ನೀರು ಕುದಿಯುವುದೇ ತಿಳಿಯದ ಗಂಡಸಿಗೆ ಮಂಡಕ್ಕಿಯ ಜಾತಕ ಹೇಗೆ ತಿಳಿಯಬೇಕು? ತೆರೆದ ಬಾಯನ್ನು ಆಕಳಿಕೆಗೆ ಬಳಸಿಕೊಂಡು ಮುಚ್ಚಿದೆ. "ಭೈರೇಶಣ್ಣ ಹೇಳಿದ್ದು ಸರಿ" ಎಂದು ಚಪ್ಪಾಳೆಯನ್ನೂ ತಟ್ಟಿದೆ. ಏಕಾಂತಯ್ಯ ಅನುಭವಸ್ಥರು, ಹೇಗೋ ನಿಭಾಯಿಸುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನವೆಂಬರ್ ಒಂದು, ಬೆಳಗ್ಗೆ ಆರೂವರೆ. ಅಂಗಳದ ತುಂಬ ಹಳದಿ-ಕೆಂಪು ತೋರಣ. ಎಂಟಕ್ಕೆ ಬಾವುಟ, ಒಂಬತ್ತಕ್ಕೆ ತಿಂಡಿ, ಮುನ್ನೂರು ಜನ. ಏಕಾಂತಯ್ಯನವರು ಮೂವತ್ತು ವರ್ಷದ ರೂಢಿಯಂತೆ, ಯಾರೊಡನೆಯೂ ಮಾತಾಡದೆ, ನಾಲ್ಕು ಮೂಟೆ ಪುರಿಯನ್ನು ದೊಡ್ಡ ಟಬ್ಬಿಗೆ ಸುರಿದು ಮೇಲೆ ನೀರು ಹೊಯ್ದರು. ಆಮೇಲೆ ಹಿಂಡಲು ಕೈ ಹಾಕಿದರು. ಕೈಗೆ ಬಂದದ್ದು ಗೋಡೆಗೆ ಪೋಸ್ಟರ್ ಅಂಟಿಸಬಹುದಾದಂಥ ಗೋಂದು.

"ಇದೇನ್ರೀ ಇದು? ಇದಕ್ಕ ಮಂಡಕ್ಕಿ ಅಂತೀರಾ?" ಏಕಾಂತಯ್ಯ ಕೈ ಕೊಡವಿದರು. "ನೀರು ಕಂಡ ಕೂಡ್ಲೆ ಕರಗಿ ಹೋಗತೈತಿ. ನಾ ಇದನ್ನ ಬಡಿಸಿ ನಮ್ಮೂರ ಹೆಸರು ಕೆಡಸಂಗಿಲ್ಲ. ನಾ ಮುಟ್ಟಂಗಿಲ್ಲ." ಹೆಗಲ ಮೇಲಿನ ಟವೆಲ್ಲು ಕೊಡವಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟರು.

ಭೈರೇಶರ ಮುಖ ಆ ಟಬ್ಬಿನಲ್ಲಿದ್ದುದಕ್ಕಿಂತ ಪೇಲವವಾಯಿತು. "ಸಾರ್, ನಂಗೇನ್ ಗೊತ್ತು? ಇಲ್ಲೇ ಹೋಟ್ಲಿಂದ ಇಡ್ಲಿ ತರುಸ್ಲಾ?" ಎಂದರು. "ರಜಾ ದಿನ ಇಷ್ಟು ಹೊತ್ತಲ್ಲಿ ಮುನ್ನೂರು ಜನಕ್ಕೆ ಯಾರ್ ಕೊಡ್ತಾರೆ?" ಎಂದು ಕಲ್ಯಾಣಮ್ಮ ಮೇಡಂ ತಲೆ ಮೇಲೆ ಕೈ ಇಟ್ಟುಕೊಂಡರು.

ಆಗಲೇ ವಚನಾ ಬಂದಳು. ಹಳದಿ ಸೀರೆ, ಕೆಂಪು ರವಿಕೆ, ನೃತ್ಯಕ್ಕೆ ಸಿದ್ಧಳಾಗಿದ್ದಳು. ಟಬ್ಬಿನೊಳಗೆ ಬಗ್ಗಿ ನೋಡಿದಳು. ಅಳಲಿಲ್ಲ. ಅತ್ತಿದ್ದರೆ ಒಂದು ಚಾಕಲೇಟಿನಲ್ಲಿ ಮುಗಿಯುತ್ತಿತ್ತು. "ಅಪ್ಪಾ, ಬಾ, ಮನೆಗೆ ಹೋಗೋಣ" ಎಂದಳು ಮೆಲ್ಲಗೆ. ಆ ಮಾತು ಕೇಳಿ ಹನ್ನೊಂದು ವರ್ಷದ ನನ್ನ ವ್ರತ ಆ ಕ್ಷಣವೇ ಮುರಿದುಬಿತ್ತು.

ಅಂಗಿಯ ತೋಳು ಮಡಿಸಿದೆ.

"ಭೈರೇಶಣ್ಣ, ಉಳಿದ ಪುರಿಗೆ ಒಂದು ತೊಟ್ಟು ನೀರೂ ಬೀಳಬಾರದು. ಈರುಳ್ಳಿ ಸಣ್ಣಗೆ ಹೆಚ್ಚಿಸಿ. ಟೊಮೇಟೊ ಎರಡರಷ್ಟು ಹಾಕಬೇಕು. ಹುರಿಗಡಲೆ ಪುಡಿ ಮಾಡಿಸಿ, ನುಣ್ಣಗೆ ಬೇಡ, ಸ್ವಲ್ಪ ತರಿ ಇರಲಿ!"

ನನ್ನ ದನಿ ನನಗೇ ಹೊಸದಾಗಿತ್ತು. ದೊಡ್ಡಪ್ಪನ ಅಂಗಡಿಗೆ ಒಮ್ಮೊಮ್ಮೆ ತೆಳು ಮಂಡಕ್ಕಿ ಬಂದುಬಿಡುತ್ತಿತ್ತು. ಆಗ ಅದನ್ನು ನೆನೆಸುತ್ತಿರಲಿಲ್ಲ. ಒಗ್ಗರಣೆಯಲ್ಲಿ ಟೊಮೇಟೊ ಬಿಟ್ಟ ರಸದ ತೇವಕ್ಕೇ ಒಣ ಮಂಡಕ್ಕಿ ಹಾಕಿ ಕಲಸಿ, ಕೂಡಲೇ ಬಡಿಸುತ್ತಿದ್ದರು. ಒಂದೇ ಒಂದು ಕಟ್ಟುಪಾಡು ಎಂದರೆ ಒಟ್ಟಿಗೆ ಕಲಸಿಡುವಂತಿಲ್ಲ. ಹತ್ತು ಹನ್ನೆರಡು ತಟ್ಟೆಗಾಗುವಷ್ಟು ಒಂದೊಂದು ಪಾತ್ರೆಯಲ್ಲಿ ಬೇರೆ ಬೇರೆ ಕಲಸುತ್ತ ಹೋಗಬೇಕು.

"ಪಾತ್ರೆ!" ಎಂದು ಗರ್ಜಿಸಿದೆ.

ಶಾಲೆಯ ಆಯಾ ಮುನಿಲಕ್ಷ್ಮಮ್ಮ ಊಟದ ಮನೆಯ ಡಬರಿಗಳನ್ನು ತಂದರು. ಸಾಲಲಿಲ್ಲ. ಸ್ಟಾಫ್ ರೂಮಿನ ಪಾತ್ರೆಗಳು ಬಂದವು. ಎದುರು ಮನೆಯವರ ಕುಕ್ಕರ್ ಬಂತು, ಅದರ ಪಕ್ಕದ ಮನೆಯವರ ಪರಾತ ಬಂತು. ಕೊನೆಗೆ ಆಟೋಟದ ಬಹುಮಾನಕ್ಕೆಂದು ಬೀರುವಿನಲ್ಲಿಟ್ಟಿದ್ದ ಸ್ಟೀಲ್ ಬೋಗುಣಿಗಳೂ ಹೊರಬಂದವು. ಸೈನ್ಯಕ್ಕೆ ಶಸ್ತ್ರ ಒದಗಿದಂತೆ ನನಗೆ ಉತ್ಸಾಹ ಏರಿತು. ಬಾಣಲೆಗೆ ಎಣ್ಣೆ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಅರಿಶಿನ ಬಿತ್ತು. ಘಮಲು ಎದ್ದು ಅಂಗಳ ದಾಟಿ ರಸ್ತೆಗೆ ಹೋಯಿತು.

ಮೊದಲ ಬೋಗುಣಿ ಕಲಸಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ ಏಕಾಂತಯ್ಯನವರ ಮುಂದೆ ಹಿಡಿದೆ. ಅವರು ಎರಡು ತುತ್ತು ತಿಂದು, "ಯಾರ ಕೈಯಾಗ ಕಲ್ತೀರಿ?" ಎಂದರು. ದೊಡ್ಡಪ್ಪನ ಹೆಸರು ಹೇಳಿದೆ. ಅವರು ತಟಕ್ಕನೆ ಎದ್ದು ಟವೆಲ್ಲನ್ನು ತಲೆಗೆ ಸುತ್ತಿ, "ಮಿರ್ಚಿ ನಾ ಕರೀತೀನಿ, ಆಚೀಗೆ ಸರೀರಿ" ಎಂದು ಎಣ್ಣೆಯ ಮುಂದೆ ನಿಂತರು. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಪದವಿ ಇನ್ನೊಂದು ಸಿಕ್ಕಿಲ್ಲ. (ಎಂ.ಟೆಕ್ ಪದವಿಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.)

ಅಷ್ಟರಲ್ಲಿ ರಕ್ಷಾ ಕಣ್ಣಿಗೆ ಬಿದ್ದಳು. ಕಂಬಕ್ಕೆ ಒರಗಿ, ನಾನು ಕಲಸುವುದನ್ನೇ ನೋಡುತ್ತಿದ್ದಳು. ನಾನು ನಿರೀಕ್ಷಿಸಿದ ಆಶ್ಚರ್ಯ ಅವಳ ಮುಖದಲ್ಲಿರಲಿಲ್ಲ, ಒಂದು ಬಗೆಯ ಗಾಬರಿ ಇತ್ತು. ಪ್ರತಿಭೆಯನ್ನು ಹತ್ತಿರದಿಂದ ಕಂಡಾಗ ಹೀಗಾಗುವುದು ಸಹಜ ಎಂದುಕೊಂಡೆ.

ಒಂಬತ್ತಕ್ಕೆ ಸರಿಯಾಗಿ ತಿಂಡಿ ಶುರುವಾಯಿತು. ಮೊದಲು ಅನುಮಾನದಿಂದ ಕೈಯೊಡ್ಡಿದ ಅಜ್ಜಿಯರು ಆಮೇಲೆ ಮೊಮ್ಮಕ್ಕಳ ಹೆಸರು ಹೇಳಿ ಎರಡನೆಯ ತಟ್ಟೆ ಹಾಕಿಸಿಕೊಂಡರು. ಭೈರೇಶ್ ಮೂರು ತಟ್ಟೆ ಮುಗಿಸಿ, ಮೆಣಸಿನಕಾಯಿಯ ಖಾರಕ್ಕೆ ಕಣ್ಣೀರು ಸುರಿಸುತ್ತ, "ಸಾರ್, ನಮ್ಮ ಪುರಿಗೆ ಇಷ್ಟು ಯೋಗ್ಯತೆ ಇದೆ ಅಂತ ನಂಗೇ ಗೊತ್ತಿರ್ಲಿಲ್ಲ" ಎಂದು ನನ್ನನ್ನು ತಬ್ಬಿಕೊಂಡರು. ಹಿಂದಿನ ಬೆಂಚಿನವರು ಸಾಲಿನಲ್ಲಿ ಮೂರನೆಯ ಸಲ ನಿಂತಿದ್ದರು. ವಚನಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಮುಗಿದಿಲ್ಲ, ಬರ್ತಾ ಇದೆ, ನಮ್ಮಪ್ಪ ಮಾಡ್ತಾ ಇದಾರೆ" ಎಂದು ಅವರಿಗೆ ತಾನೇ ಬಡಿಸುತ್ತಿದ್ದಳು. ಅವಳ ಮುಖ ನೋಡಿ, ತಪ್ಪನ್ನು ಈರುಳ್ಳಿಯ ಮೇಲೆ ಹಾಕಿ ಕಣ್ಣು ಒರೆಸಿಕೊಂಡೆ.

ಕಲ್ಯಾಣಮ್ಮ ಮೇಡಂ ಅತಿಥಿಗಳಿಗೆಂದು ತಂದಿದ್ದ ಮೈಸೂರು ಪೇಟವನ್ನು ನನ್ನ ತಲೆಗಿಟ್ಟು, ಶಾಲು ಹೊದಿಸಿ, ಮೈಕು ಕೈಗೆ ಕೊಟ್ಟರು. ಅಲ್ಲಿ ನಾನು ಕೆಟ್ಟೆ. ಮುನ್ನೂರು ಜನರ ಚಪ್ಪಾಳೆ ತಲೆಗೇರಿತ್ತು.

"ಬಂಧುಗಳೇ! ಅಡುಗೆಮನೆ ಹೆಂಗಸರದ್ದು ಮಾತ್ರ ಅಲ್ಲ. ಈ ರಾಜ್ಯೋತ್ಸವದ ಪುಣ್ಯದಿನದಂದು ಘೋಷಿಸುತ್ತಿದ್ದೇನೆ. ಇನ್ನು ಮುಂದೆ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ತಿಂಡಿ ಮಾಡುವವನು ನಾನು, ಶಿವಕಿರಣ್!"

ಅಂಗಳ ಭೋರ್ಗರೆಯಿತು. ಹೆಂಗಸರೆಲ್ಲ ತಂತಮ್ಮ ಗಂಡಂದಿರ ಕಡೆ ತಿರುಗಿದರು, ಗಂಡಂದಿರು ನನ್ನನ್ನು ಕೆಂಗಣ್ಣಿನಿಂದ ನೋಡಿದರು. ನಾನು ಕೈಮುಗಿದು ವೇದಿಕೆ ಇಳಿದೆ. ಹೆಂಡತಿ ಆನಂದಬಾಷ್ಪ ಸುರಿಸುತ್ತ ಓಡಿ ಬರುತ್ತಾಳೆ ಎಂದುಕೊಂಡಿದ್ದೆ. ಬಂದಳು, ಕಣ್ಣೀರಿರಲಿಲ್ಲ.

"ಬನ್ನಿ ಇಲ್ಲಿ" ಎಂದು ಕೈ ಹಿಡಿದು ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು.

ಅಲ್ಲಿ ಒಂದು ಬೆಟ್ಟವಿತ್ತು. ಡಬರಿ, ಬೋಗುಣಿ, ಪರಾತ, ಕುಕ್ಕರ್, ಸೌಟು, ಜಾಲರಿ, ಎಲ್ಲಕ್ಕೂ ಅರಿಶಿನ ಎಣ್ಣೆ ಹಿಡಿದಿತ್ತು. ಬೆಟ್ಟದ ಬುಡದಲ್ಲಿ ಮುನಿಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಸ್ವಾಮಿ, ಕನ್ನಡ ರಾಜ್ಯೋತ್ಸವದ ರಜಾ ನಂಗೂ ಐತೆ" ಎಂದು ಹೇಳಿ, ಸೋಪಿನ ಪುಡಿಯ ಡಬ್ಬಿಯನ್ನು ನನ್ನ ಕೈಗಿಟ್ಟು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

"ಎಂಬತ್ತಾರು" ಎಂದಳು ರಕ್ಷಾ. "ಎಣಿಸಿದೀನಿ. ಸೌಟು ಬಿಟ್ಟು."

"ಅದಿರಲಿ ಕಣೇ, ನಂಗೆ ಅಡುಗೆ ಬರುತ್ತೆ ಅಂತ ತಿಳಿದು ನಿಂಗೆ ಆಶ್ಚರ್ಯ ಆಗ್ಲಿಲ್ವಾ?"

"ಮದುವೆ ಮಂಟಪದಲ್ಲೇ ಗೊತ್ತಿತ್ತು ರೀ. ಅತ್ತೆ ಪಕ್ಕಕ್ಕೆ ಕರೆದು ಹೇಳಿದ್ರು. 'ನನ್ನ ಮಗ ಚೊಲೋ ಅಡಿಗಿ ಮಾಡ್ತಾನವ್ವ, ಆದ್ರ ಒಂದು ಉಪ್ಪಿಟ್ಟಿಗೆ ಹದಿನಾರು ಪಾತ್ರಿ ತಗೀತಾನ. ಅಡಿಗಿಮನಿ ಒಳಗ ಮಾತ್ರ ಬಿಟ್ಕೋಬ್ಯಾಡ' ಅಂತ. ಮೂರು ದಿನ ನಿದ್ದೆ ಮಾಡ್ಲಿಲ್ಲ ನಾನು. ಕಾಫಿ ಬರುತ್ತಾ ಅಂತ ಕೇಳಿದ್ದು ಹೆದರಿಕೊಂಡೇ. ನೀವಾಗೇ ಬರಲ್ಲ ಅಂದ್ರಿ. ದೇವರು ದೊಡ್ಡೋನು ಅಂದ್ಕೊಂಡು ಹನ್ನೊಂದು ವರ್ಷ ನೆಮ್ಮದಿಯಾಗಿದ್ದೆ."

ನಾನು ಸೋಪಿನ ಡಬ್ಬಿಯ ಮುಚ್ಚಳ ತೆರೆದೆ. ಹನ್ನೊಂದು ವರ್ಷ ಅಡುಗೆಮನೆಯಿಂದ ತಪ್ಪಿಸಿಕೊಂಡವನು ನಾನಲ್ಲ. ನನ್ನಿಂದ ತಪ್ಪಿಸಿಕೊಂಡದ್ದು ಅಡುಗೆಮನೆ.

ಮಧ್ಯಾಹ್ನ ಎರಡು ಗಂಟೆಯವರೆಗೆ ತಿಕ್ಕಿದೆ. ಪೇಟ ಒದ್ದೆಯಾಗಬಾರದೆಂದು ರಕ್ಷಾ ಅದನ್ನು ತಾನು ಇಟ್ಟುಕೊಂಡು, ನೆರಳಿನಲ್ಲಿ ಕೂತು, ಉಳಿದ ಮಿರ್ಚಿ ತಿನ್ನುತ್ತ ಮೇಲ್ವಿಚಾರಣೆ ನಡೆಸಿದಳು. ವಚನಾ ಮಾತ್ರ ತಾನು ಗೆದ್ದ ಸಂತೋಷಕ್ಕೆ ಹನ್ನೆರಡು ಸೌಟು ತೊಳೆದುಕೊಟ್ಟಳು.

ಈಗ ನನ್ನ ಕಷ್ಟ ಬೇರೆ. ಆ ಚಪ್ಪಾಳೆಯ ರುಚಿ ಹತ್ತಿಬಿಟ್ಟಿದೆ, ಕೈ ಸುಮ್ಮನಿರುವುದಿಲ್ಲ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಶನಿವಾರ ರಾಜ್ಯೋತ್ಸವದ ವೀರರು ನಾಳೆ ಏನು ತಿಂಡಿ ಮಾಡುತ್ತಾರೆ ಎಂದು ಜನ ಕೇಳುತ್ತಾರೆ. ಭಾನುವಾರ ಬೆಳಗ್ಗೆ ಆರಕ್ಕೇ ಎದ್ದು, ಸ್ನಾನ ಮಾಡಿ, ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತೇನೆ.

"ಒಂದೇ ಒಂದು ಬಾಣಲೆ ಕಣೇ, ಆಣೆಗೂ. ನಾನೇ ತೊಳೆದಿಡ್ತೀನಿ."

ರಕ್ಷಾ ಬಾಗಿಲಿಗೆ ಅಡ್ಡ ನಿಂತು, ಮೂರನೆಯ ದಿನದ ಮದುಮಗಳ ಹಾಗೆ ನಗುತ್ತ, ಕೈಗೆ ಕಾಫಿ ಲೋಟ ಕೊಡುತ್ತಾಳೆ.

"ನಿಮಗೆ ನೀರು ಕುದಿಯೋದೂ ಗೊತ್ತಾಗಲ್ಲ, ಪಾಪ. ಹೋಗಿ, ಪೇಪರ್ ಓದಿ."