ಮೊಗ್ಗು ಉದುರುವ ರೋಗ

ನಮ್ಮವರು ತೀರಿಹೋಗಿ ವರ್ಷ ತುಂಬುವ ದಿನ ಅವರ ಫೋಟೋಕ್ಕೆ ಪೇಟೆಯ ಹಾರ ಹಾಕುವುದಿಲ್ಲ, ನನ್ನ ಹಿತ್ತಲ ಹೂವಿನದೇ ಹಾಕುತ್ತೇನೆ ಎಂದು ಸಾರಿಬಿಟ್ಟೆ. ಮೂವತ್ತು ವರ್ಷ ಅವರ ಜೊತೆ ತಂಬಾಕಿನ ಹೊಲದಲ್ಲಿ ದುಡಿದವಳು ನಾನು. ಹತ್ತು ಚೆಂಡುಹೂವಿನ ಗಿಡ ಯಾವ ದೊಡ್ಡ ಮಾತು?

"ಎರಡೂವರಿ ತಿಂಗಳದಾಗ ಹೂ ಬರತಾವೇನ ಅಕ್ಕಾ?" ಅಂದಳು ನೆಗೆಣ್ಣಿ, ಮೈದುನನ ಹೆಂಡತಿ ಗಿರಿಜವ್ವ.

"ನಾ ಮುಂದ ನಿಂತರ ಬರತಾವ."

ನಿಪ್ಪಾಣಿ ಸಂತೆಗೆ ಹೋದೆ. ಸಸಿ ಮಾರುವ ಬಾಳಾಸಾಬನ ಮುಂದೆ ಕುಳಿತು ಒಂದೊಂದು ಎಲೆ ತಿರುವಿ ಹತ್ತು ಸಸಿ ಆರಿಸಿದೆ. ಮನೆಯಲ್ಲಿ ಕಳೆ ತೆಗೆಯುವ ಕುರ್ಪಿ ಇದ್ದರೂ ಹೊಸದು ಕೊಂಡೆ. ನೀರು ಹಾಕಲು ತಗಡಿನ ಝಾರಿಯನ್ನೂ ತಂದೆ. ತಂಬಿಗೆಯಲ್ಲಿ ನೀರು ಹಾಕಿದರೆ ತೋಟ ಅನ್ನಿಸಿಕೊಳ್ಳುತ್ತದೆಯೇ?

ಗಿಡ ಎದ್ದವು. ದಿನಾ ಬೆಳಿಗ್ಗೆ ಅವುಗಳ ನಡುವೆ ತಿರುಗಾಡುತ್ತ, ಹೋದ ನಮ್ಮವರೊಡನೆ ಒಂದೆರಡು ಮಾತಾಡುತ್ತಿದ್ದೆ. ಆದರೆ ಹೂವಿಲ್ಲ. ಮೊಗ್ಗೆಲ್ಲ ಬುಡದಲ್ಲಿ ಬಿದ್ದಿರುತ್ತಿದ್ದವು. ವರ್ಷದ ದಿನಕ್ಕೆ ಒಂದೇ ತಿಂಗಳು ಉಳಿಯಿತು.

"ಪೇಟೆ ಹಾರ ಹೇಳಿ ಇಡೂಣೇನ?" ಅಂದಳು ಗಿರಿಜವ್ವ.

ಸೀದಾ ಬಾಳಾಸಾಬನ ಮುಂದೆ ಹೋಗಿ ನಿಂತೆ. "ರೋಗದ ಸಸಿ ಕೊಟ್ಟಿ. ಒಂದರೆ ಮೊಗ್ಗ ನಿಲ್ಲವಲ್ದು. ಗಂಡ ಸತ್ತಾಕಿ ಅಂತ ಮೋಸ ಮಾಡ್ತೀಯೇನ?"

"ಮಾವಶಿ, ಮೊದಲ ಕೈ ತಗೀರಿ."

ನೋಡಿದೆ. ಜಗಳ ಆಡುತ್ತಲೇ ಅವನ ಒಂದು ಸಾಲು ಗಿಡದ ಮೊಗ್ಗೆಲ್ಲ ಚಿವುಟಿ ಹಾಕಿದ್ದೆ.

"ನಿಮ್ಮದು ತಂಬಾಕಿನ ಹೊಲ ಏನ್ರಿ?"

"ಹೌದು. ಏನೀಗ?"

"ಏನಿಲ್ರಿ. ರೋಗ ಸಿಕ್ತು."

ತಂಬಾಕಿಗೆ ಹೂ ಬಿಡಗೊಡಬಾರದು, ಬಿಟ್ಟರೆ ಎಲೆ ಸಣ್ಣದಾಗುತ್ತದೆ. ಕುಡಿ ಕಂಡಲ್ಲಿ ಮುರಿಯಬೇಕು. ಮದುವೆಯಾದ ವರ್ಷ ಅವರು ಕೈ ಹಿಡಿದು ಕಲಿಸಿದ ಕೆಲಸ. ಅವರು ಹೋದರೂ ಈ ಕೈ ಅವರ ಮಾತು ಮೀರಿರಲಿಲ್ಲ. ಸಂತೆಯ ನಡುವೆ ಕಣ್ಣಲ್ಲಿ ನೀರು ಬಂತು.

ಬಾಳಾಸಾಬ ಗಾಬರಿಯಾದ. "ಅಳಬ್ಯಾಡ್ರಿ ಮಾವಶಿ. ಚಿವುಟಿದ್ದಕ್ಕ ಗಿಡ ಕವಲ ಒಡದಿರತಾವ. ಇನ್ನ ಮುಟ್ಟಬ್ಯಾಡ್ರಿ. ಎರಡ ಪಟ್ಟ ಹೂ ಬರತಾವ."

ಮನೆಗೆ ಬಂದು ಹೇಳಿದೆ. ಗಿರಿಜವ್ವ ನೆಲದ ಮೇಲೆ ಕುಳಿತು ನಕ್ಕಳು. ಆಮೇಲೆ ಝಾರಿ ಕಸಿದುಕೊಂಡಳು. "ನೀ ಕಟ್ಟಿ ಮ್ಯಾಲ ಕುಂಡ್ರು. ಏನಿದ್ರೂ ಬಾಯಿಲೇ ಹೇಳು. ಕೈ ಸೆರಗಿನಾಗ ಇರಲಿ."

ಒಂದು ತಿಂಗಳು ಹಾಗೇ ಕುಳಿತೆ. ಚಿವುಟಲು ಕೈ ತುರಿಸಿದವು, ಆದರೆ ಏಳಲಿಲ್ಲ.

ವರ್ಷದ ದಿನ ಹಾರ ಎಷ್ಟು ದಪ್ಪಗಾಯಿತೆಂದರೆ ಫೋಟೋದಲ್ಲಿ ನಮ್ಮವರ ಮೀಸೆಯೇ ಮುಚ್ಚಿತು. ಊಟಕ್ಕೆ ಬಂದ ನನ್ನ ಅಣ್ಣ ರಾವಸಾಹೇಬ ಹಿತ್ತಲು ನೋಡಿ ಬೆರಗಾದ.

"ಏನ ತಂಗಿ, ಇಷ್ಟ ಹೂ ಬಂದಾವಲ್ಲ. ಗಿಡಕ್ಕ ಏನ ಮಾಡಿದಿ?"

ಗಂಟಲು ಸರಿಮಾಡಿಕೊಂಡೆ. ನಾನು ಬಾಯಿ ತೆಗೆಯುವ ಮೊದಲೇ ಗಿರಿಜವ್ವ ಅಂದಳು:

"ಏನೂ ಮಾಡಲಿಲ್ರಿ. ಅದಕ್ಕ ಬಂದಾವ."