ಹೆಪ್ಪು ಹಾಕಿದ ಗುಳಿಗಿ

ನಮ್ಮ ಚೆಂಬೂರಿನ ಬಿಲ್ಡಿಂಗ್‌ನ್ಯಾಗ ಒಬ್ಬರಿಗೆ ಡಾಕ್ಟರ್ ಗುಳಿಗಿ ಬರಕೊಟ್ರ, ಅದರ ಬಗ್ಗೆ ಮಾತಾಡೋರು ಎಲ್ಲಾರೂ, ಸರಿಯಾಗಿ ತಗೊಳ್ಳೋರು ಯಾರೂ ಇಲ್ಲ. ಅದಕ್ಕ ಇಂಥಾವು ಆಗ್ತಾನ ಇರ್ತಾವ. ನಾ ಭಾಳ ಮಾತಾಡಾಕಿ ಅಲ್ಲ, ಮನಿಗೆ ಮಂದಿ ಬಂದ್ರ ಪುಸ್ತಕ ಹಿಡ್ಕೊಂಡು ಒಳಗ ಹೋಗಾಕಿ. ಇವನ್ನೆಲ್ಲ ಹೊರಗಿನವರಿಗೆ ಹೇಳಾಕತ್ತಿದ್ದು ಇದ ಮೊದಲು.

ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ವಿಜಯಪುರದಾಕಿ. ಆಕಿ ತಂಗಿ ಜೋಗೇಶ್ವರಿಯೊಳಗ ಇರ್ತಾಳ. ಮಂಗಳವಾರಕ್ಕೊಮ್ಮೆ ಆಯಿ ಒಬ್ಬಾಕಿನ ಲೋಕಲ್ ರೈಲು ಹತ್ತಿ ತಂಗಿ ಮನಿಗೆ ಹೋಗಿ, ಉಂಡು, ಜಗಳಾಡಿ, ಸಂಜಿಗೆ ಖುಷಿಯಿಂದ ಬರ್ತಿದ್ಲು. ಹೋದ ವರ್ಷ ಒಮ್ಮೆ ಲೋಕಲ್‌ನ್ಯಾಗ ಮಂದಿ ಗರ್ದಿಯೊಳಗ ಸಿಕ್ಕು ಎದಿ ಢವಢವ ಹೊಡಕೊಂಡು ಉಸಿರು ಕಟ್ಟಿದಂಗಾತು. ತಪಾಸಣಿ ಮಾಡಿಸಿದ್ವಿ, ಹಾರ್ಟ್ ಗಟ್ಟಿ ಇತ್ತು. ಆದ್ರ ಅವತ್ತಿನಿಂದ ಸ್ಟೇಷನ್ ಅಂದ್ರ ಸಾಕು, ಆಕಿಗೆ ಗಾಬರಿ ಆಗ್ತಿತ್ತು. ನಿದ್ದಿನೂ ಹೋತು.

ಅಪ್ಪ "ಟ್ಯಾಕ್ಸಿ ಮಾಡಿ ಕರ್ಕೊಂಡು ಹೋಗ್ತೀನಿ ಅವ್ವ" ಅಂದ್ರ, "ನಾ ಏನು ಪಾರ್ಸಲ್ಲೇನೋ? ಹೋದ್ರ ಲೋಕಲ್‌ನ್ಯಾಗ, ಒಬ್ಬಾಕಿನ ಹೋಗ್ತೀನಿ. ಇಲ್ಲಂದ್ರ ಇಲ್ಲ" ಅಂದ್ಲು.

ಡಾಕ್ಟರ್ ಎರಡು ಗುಳಿಗಿ ಕೊಟ್ರು. ಒಂದು ನಿದ್ದಿಗೆ, ಸ್ವಲ್ಪ ದಿನದ ಮಟ್ಟಿಗೆ. ಇನ್ನೊಂದು ಗಾಬರಿಗೆ, ದಿನಾ. "ಸೈನ್ಸ್ ಓದ್ತಾಳಲ್ಲ, ತಿಳಿಸಿ ಹೇಳ್ತಾಳ" ಅಂತ ಅಪ್ಪ ನನ್ನ ಕಡೆ ಬಟ್ಟು ಮಾಡಿದ. ಮುಗೀತು.

ಕಾವಲು ಕೂತ ನಿದ್ದಿ

ಮೊದಲನೇ ದಿನ ನಿದ್ದಿ ಗುಳಿಗಿ ತಗೊಂಡ ಆಯಿ, ಮರುದಿನ ಮುಂಜಾನೆ ಕೆಂಪು ಕಣ್ಣು ಬಿಟ್ಕೊಂಡು ಕುರ್ಚಿ ಮ್ಯಾಲ ಕೂತಿದ್ಲು.

"ಇದು ಸುಳ್ಳ ಗುಳಿಗಿ. ನಿದ್ದಿ ಹೆಂಗ ಬರ್ತೈತಿ ನೋಡೋಣಂತ ಕಣ್ಣು ಪಿಳುಕಿಸದ ಕೂತಿದ್ದೆ. ಬರಲೇ ಇಲ್ಲ."

ನಾ ಪುಸ್ತಕದಾಗ ಓದಿದ್ದು ಹೇಳಿದೆ. "ಆಯಿ, ಮೆದುಳಿನ ನರಗಳು ಗದ್ದಲ ಹಾಕಿದಾಗ 'ಸಾಕು, ಸುಮ್ಮಕೂಡ್ರಿ' ಅನ್ನೋ ಒಂದು ರಸಾಯನ ನಮ್ಮೊಳಗ ಮೊದಲ ಇರ್ತೈತಿ. ಗುಳಿಗಿ ಅದರ ದನಿ ಸ್ವಲ್ಪ ಜೋರು ಮಾಡ್ತೈತಿ, ಅಷ್ಟ. ನೀನ ಹಟ ಹಿಡಿದು ಎದ್ದು ಕೂತ್ರ ಅದು ಏನ ಮಾಡಬೇಕು?"

"ಅಂದ್ರ ನಿಮ್ಮ ಸಾಲಿ ಟೀಚರ್ ಇದ್ದಂಗ?"

"ಹೂಂ, ಹಂಗ ಅನ್ಕೊ."

"ನಿಮ್ಮ ಕ್ಲಾಸಿನ್ಯಾಗ ಟೀಚರ್ ಸುಮ್ಮಕೂಡ್ರಿ ಅಂದ್ರ ಕೂಡ್ತಾರೇನು?"

ನಾ ಸುಮ್ಮನಾದೆ.

"ನೋಡು, ನೀ ಸುಮ್ಮನಾದಿ," ಅಂದ್ಲು ಆಯಿ. "ಆ ಗುಳಿಗಿ ನಿನಗ ಬರಕೊಡಬೇಕಿತ್ತು."

ಖಾಲಿ ವಾಟಿ

ಆದ್ರ ಎರಡನೇ ದಿನ ಹಾಸಿಗ್ಯಾಗ ಮಲಕೊಂಡು ತಗೊಂಡ್ಲು, ನಿದ್ದಿ ಬಂತು. ಬಂದದ್ದ ತಪ್ಪಾತು. ಯಾಕಂದ್ರ ಆಯಿಗೆ ಏನರ ಚಲೋ ಸಿಕ್ರ ಒಬ್ಬಾಕಿನ ಇಟ್ಕೊಳ್ಳಾಕ ಬರೂದಿಲ್ಲ.

ಮ್ಯಾಲಿನ ಮನಿ ಮರಾಠಿ ಕಾಕೂ ಸ್ಟೀಲ್ ವಾಟಿಯೊಳಗ ಶಿರಾ ಕಳಿಸಿದ್ರು. ನಮ್ಮ ಬಿಲ್ಡಿಂಗ್‌ನ್ಯಾಗ ವಾಟಿ ಖಾಲಿ ವಾಪಸ್ ಕಳಿಸಿದ್ರ ಮರ್ಯಾದಿ ಹೋತು ಅಂತ ಲೆಕ್ಕ. ಅವತ್ತು ಅವ್ವ ಏನೂ ಮಾಡಿರಲಿಲ್ಲ. ಸಂಜಿಗೆ ನಾ ಆಯಿ ಗುಳಿಗಿ ಪಟ್ಟಿ ಹಿಡ್ಕೊಂಡು ನೋಡಿದ್ರ ಎರಡು ಕಡಿಮಿ!

"ವಾಟಿಯೊಳಗ ಹಾಕಿ ಕಳಿಸಿದೆ," ಅಂದ್ಲು ಆಯಿ. "ಪಾಪ, ಕಾಕೂಗೂ ನಿದ್ದಿ ಇಲ್ಲಂತ."

ನಾ ಮೆಟ್ಟಲಾ ಹಾರಿ ಓಡಿದೆ. ಜೀವಮಾನದಾಗ ಕಾಕೂ ಜೋಡಿ ನಾ ಆಡಿದ್ದು 'ನಮಸ್ತೆ' ಒಂದ. ಅವತ್ತು ಬಾಗಲಾಗ ನಿಂತು ಒಂದ ಉಸಿರಿಗೆ ಹೇಳಿದೆ, "ಕಾಕೂ, ಬ್ಯಾರೆಯವರ ನಿದ್ದಿ ಗುಳಿಗಿ ತಗೋಬಾರದು, ನಿಮ್ಮ ಬಾಕಿ ಔಷಧದ ಜೋಡಿ ಕೂಡಿದ್ರ ಅಪಾಯ, ಡಾಕ್ಟರ್‌ಗೆ ಕೇಳ್ರಿ!" ಕಾಕೂ ಪುಣ್ಯಕ್ಕ ಇನ್ನೂ ನುಂಗಿರಲಿಲ್ಲ. ನಕ್ಕು, ವಾಪಸ್ ಕೊಟ್ರು.

ಗೆದ್ದೆ ಅಂತ ಕೆಳಗ ಬಂದೆ. ಆಯಿ ಎಲಿ ಅಡಿಕಿ ಮುಂದ ಕೂತು, ಅಂಗೈಯೊಳಗ ಎರಡು ಗುಲಾಬಿ ಗುಳಿಗಿ ಹಿಡ್ಕೊಂಡು ನೋಡಾಕತ್ತಿದ್ಲು.

"ಇವು ಯಾವು ಆಯಿ?"

"ಕಾಕೂನ ಬಿಪಿವು. ನೀ ಮ್ಯಾಲ ಓಡೂ ಮೊದಲ ಅವರ ಸೊಸಿ ಇಳದು ಬಂದು ಕೊಟ್ಟು ಹೋಗಿದ್ಲು. ಮಾನವಂತರು, ಅವರೂ ತಗೊಂಡು ಸುಮ್ಮ ಕೂಡೋರಲ್ಲ."

ಅವೂ ನಾನ ಮ್ಯಾಲ ಒಯ್ದು ಕೊಟ್ಟು ಬಂದೆ.

ಬ್ರಿಜ್ ಮ್ಯಾಲಿನ ಗುಳಿಗಿ

ಗಾಬರಿ ಗುಳಿಗಿದು ಬ್ಯಾರೆ ಕಥಿ. ಅದೂ ತಲಿನೋವಿನ ಗುಳಿಗಿ ಇದ್ದಂಗ, ನುಂಗಿದ ಕೂಡಲೆ ಕೆಲಸ ಮಾಡ್ತೈತಿ ಅಂತ ಆಯಿ ತಿಳಕೊಂಡಿದ್ಲು. ದಿನಾ ತಗೊಳ್ಳೂದು ಬಿಟ್ಟು, ಸ್ಟೇಷನ್ ಬ್ರಿಜ್ ಮ್ಯಾಲ ನನ್ನ ಜೋಡಿ ನಿಂತು ನುಂಗಿ, ನೀರು ಕುಡದು, "ಹಾಂ, ಈಗ ನಡಿ" ಅನ್ನಾಕಿ. ಗಾಡಿ ಬರ್ತಿತ್ತು, ಹೋಗ್ತಿತ್ತು. ಇನ್ನೊಂದು ಬರ್ತಿತ್ತು. ಆಯಿ ಬ್ರಿಜ್ಜಿನ ಕಂಬಿ ಬಿಡ್ತಿರಲಿಲ್ಲ. ಮನಿಗೆ ಬಂದು ಗ್ವಾಡಿ ಕಡೆ ಮುಖಾ ಮಾಡಿ ಮಲಗ್ತಿದ್ಲು. ಆವಾಗ ಮಾತ್ರ ನನಗ ನಗು ಬರ್ತಿರಲಿಲ್ಲ.

"ಆಯಿ, ನರ ನರದ ನಡುವ ಸೆರೊಟೋನಿನ್ ಅಂತ ಇರ್ತೈತಿ. ನರ ಅದನ್ನ ಗಡಬಡಿಸಿ ವಾಪಸ್ ಎಳಕೊಳ್ಳದಂಗ ಈ ಗುಳಿಗಿ ತಡೀತೈತಿ. ಅದಕ್ಕ ಮೆದುಳು ಹೊಂದಿಕೊಳ್ಳಾಕ ವಾರಗಟ್ಟಲೆ ಬೇಕು..."

ಆಯಿ ಆಕಳಿಸಿದ್ಲು. ನಾ ಪುಸ್ತಕ ಮುಚ್ಚಿ ಕೇಳಿದೆ.

"ಹಾಲಿಗೆ ಹೆಪ್ಪು ಹಾಕಿದ ಕೂಡಲೆ ಮೊಸರಾಗತೈತೇನು?"

"ಹೆಂಗ ಆಗತೈತಿ?"

"ಗಳಿಗಿಗೊಮ್ಮೆ ಮುಚ್ಚಳಾ ತಗದು ಅಲ್ಲಾಡಿಸಿದ್ರ?"

"ಕೆಡತೈತಿ."

"ಇದೂ ಹೆಪ್ಪ. ದಿನಾ ಒಂದು ಹಾಕು, ಮುಚ್ಚಿಡು, ಅಲ್ಲಾಡಿಸಬ್ಯಾಡ."

ಆಯಿ ನನ್ನ ನೆತ್ತಿಗೆ ಒಂದು ಕೊಟ್ಲು. "ಇಷ್ಟು ಶಾಣ್ಯಾ ಇದ್ದಾಕಿ ಇಷ್ಟು ದಿನಾ ಸೈನ್ಸ್ ಯಾಕ ಹೇಳಿದಿ?" ಆಮ್ಯಾಲ ಯೋಚನಿ ಮಾಡಿ ಕೇಳಿದ್ಲು, "ಆದ್ರ ಹೆಪ್ಪು ಒಂದು ರಾತ್ರಿಗೆ ಆಗತೈತಿ. ಇದಕ್ಕ ತಿಂಗಳ ಯಾಕ?"

"ನಿನ್ನ ತಲಿಯೊಳಗ ಹಾಲು ಭಾಳ ಐತಿ ಆಯಿ."

ಅವತ್ತು ಸಂಜಿಗೆ ಆಯಿ 'ನನ್ನ ತಲಿಯೊಳಗ ಹಾಲು ಭಾಳ ಐತಿ' ಅಂತ ಇಡೀ ಬಿಲ್ಡಿಂಗ್‌ಗೆ ಹೇಳಿ ಬಂದ್ಲು. ತಪಾಸಣಿಯೊಳಗ ಸಿಕ್ಕೈತಂತ.

ಬಾಂದ್ರಾದಿಂದ ಮುಂದ

ಹೆಪ್ಪು ಮುಚ್ಚಿಟ್ಲು. ನಿದ್ದಿ ಗುಳಿಗಿನ ಡಾಕ್ಟರ್ ಮೆಲ್ಲಕ ಕಡಿಮಿ ಮಾಡಿ ಬಿಡಿಸಿದ್ರು. ಒಂದು ಮಂಗಳವಾರ ಆಯಿ ತಾನ ಇಲಕಲ್ ಸೀರಿ ಉಟ್ಟು ನಿಂತ್ಲು. "ಬಾಂದ್ರಾ ತನಕ ಬರ್ರಿ. ಅಲ್ಲಿ ಗಾಡಿ ಬದಲಿಸಿ ಜೋಗೇಶ್ವರಿಗೆ ನಾ ಒಬ್ಬಾಕಿನ."

ನಾನು, ಅಪ್ಪ ಬಾಂದ್ರಾ ಪ್ಲಾಟ್‌ಫಾರ್ಮ್ ಮ್ಯಾಲ ನಿಂತ್ವಿ. ಅಪ್ಪನ ಅಂಗಿ ಕಿಸೆದಾಗ ಆಯಿ ಗಾಬರಿ ಗುಳಿಗಿ ಪಟ್ಟಿ, 'ಬೇಕಾದ್ರ ಇರ್ಲಿ' ಅಂತ. ಬೊರಿವಲಿ ಗಾಡಿ ಬಂತು. ಆಯಿ ಒಂದು ಕ್ಷಣ ನಿಂತ್ಲು. ಆಮ್ಯಾಲ ಮೊಣಕೈಲೆ ಇಬ್ಬರನ್ನ ಸರಿಸಿ ಲೇಡೀಸ್ ಡಬ್ಬಿ ಏರಿದ್ಲು.

ಚಾ ಕುಡದ್ವಿ. ಇನ್ನೊಂದು ಕುಡದ್ವಿ. ಜೋಗೇಶ್ವರಿ ಸ್ಟೇಷನ್ನಿನಿಂದ ಆಕಿ ತಂಗಿ ಫೋನು: "ಅಕ್ಕ ಇಳೀಲೇ ಇಲ್ಲೋ!"

ಆಯಿ ಫೋನಿಗೆ ಹಚ್ಚಿದ್ರ ರಿಂಗ್ ಆಗತೈತಿ, ಎತ್ತೂದಿಲ್ಲ. ಅಪ್ಪನ ಮುಖಾ ಬಿಳಚಿಕೊಂಡಿತು. ಕಡೀಕ ಆಯಿ ತಾನ ಫೋನ್ ಮಾಡಿದ್ಲು. ನಾ ಸ್ಪೀಕರ್ ಹಾಕಿದೆ.

"ಬೊರಿವಲಿಯೊಳಗ, ಕಡೀ ಸ್ಟೇಷನ್‌ನ್ಯಾಗ ಅದೀನಿ," ಅಂದ್ಲು ಆಯಿ, ಆಕಳಿಸಿ. "ಕಿಡಕಿ ಸೀಟು ಸಿಕ್ತು, ಗಾಳಿ ಬಂತು, ಕಣ್ಣು ಹತ್ತಿತು. ಬಾಜೂಕಿನ ಹುಡಿಗಿ ಹೆಗಲು ಭಾಳ ಮೆತ್ತಗಿತ್ತು. ಈಗ ಉಲ್ಟಾ ಗಾಡಿ ಹಿಡೀತೀನಿ."

ಗರ್ದಿ ಲೋಕಲ್‌ನ್ಯಾಗ, ನಿದ್ದಿ ಗುಳಿಗಿ ಇಲ್ಲದ, ಆಯಿ ನಿದ್ದಿ ಮಾಡಿದ್ಲು! ನಾ ಕುಣಿಯೂದೊಂದ ಬಾಕಿ. ಆದ್ರ ಅಪ್ಪ ಬೆಂಚಿನ ಮ್ಯಾಲ ಕುಸದು, "ನನಗ ಎದಿ ಹೊಡಕೊಳ್ಳಾಕತ್ತೈತಿ" ಅಂತ ಕಿಸೆದಾಗಿನ ಪಟ್ಟಿ ತಗದು ಚರ್ರಂತ ಒತ್ತಿ ಒಂದು ಗುಳಿಗಿ ಹೊರಗ ತಗದ.

ಫೋನಿನ್ಯಾಗ ಆಯಿ ದನಿ ಏರಿತು: "ಏನೋ ಸಪ್ಪಳ ಅದು? ನನ್ನ ಗುಳಿಗಿ ಹೌದಿಲ್ಲೋ? ಇಡು ಒಳಗ! ಇವತ್ತು ಹೆಪ್ಪು ಹಾಕಿದ್ರ ಮುಂದಿನ ತಿಂಗಳ ಮೊಸರಾಗತೈತಿ. ಅಷ್ಟರಾಗ ನಾ ಜೋಗೇಶ್ವರಿಗೆ ಹೋಗಿ, ಉಂಡು, ಜಗಳಾಡಿ, ಮನಿಗೆ ಬಂದಿರ್ತೀನಿ!"